ಹೊಣೆ ವಹಿಸುವ ಕ್ರಮ: ಪಶು ಚಿಕಿತ್ಸಾಲಯದ ಒಂದು ನಿದರ್ಶನ

ಒಬ್ಬಿಬ್ಬರು ವೈದ್ಯರು, ಮೂರು-ನಾಲ್ಕು ಸಹಾಯಕರು ಇರುವ ಖಾಸಗಿ ಪಶು ಚಿಕಿತ್ಸಾಲಯವು ವ್ಯವಹಾರದ ದೃಷ್ಟಿಯಿಂದ ಒಂದು ಸಣ್ಣ ಉದ್ದಿಮೆಯೇ ಸರಿ. ಚಿಕಿತ್ಸೆಯಿಂದ ಹಿಡಿದು ಔಷಧಿ ಖರೀದಿ, ರಸೀದಿ, ದೂರವಾಣಿ ಕರೆಗಳವರೆಗೆ ಎಲ್ಲವನ್ನೂ ವೈದ್ಯರೇ ನೋಡಿಕೊಂಡರೆ, ಅವರು ಊರಿನಲ್ಲಿಲ್ಲದ ದಿನ ಎಲ್ಲವೂ ನಿಲ್ಲುತ್ತದೆ. ಚುರುಕಾದ ಸಹಾಯಕರು ಬೇರೆಡೆ ಕೆಲಸ ಹುಡುಕುತ್ತಾರೆ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಯಾರಿಗೂ ಬಿಟ್ಟುಕೊಡದ ಅಂಗಡಿ ಮಾಲೀಕರಿಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಯಾವುದನ್ನು ವಹಿಸಬಾರದೆಂಬುದನ್ನು ಮೊದಲು ಗುರುತಿಸಬೇಕು. ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ, 1984ರ 30ನೆಯ ಪ್ರಕರಣದಂತೆ ಪಶುವೈದ್ಯ ವೃತ್ತಿಯು ನೋಂದಾಯಿತ ವೈದ್ಯರಿಗೆ ಮೀಸಲು. ಲಸಿಕೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಕಿರುಸೇವೆಗಳನ್ನು ನಿಗದಿತ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರು, ರಾಜ್ಯ ಸರ್ಕಾರದ ಅನುಮತಿಯಿದ್ದಲ್ಲಿ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ರೋಗನಿರ್ಣಯ, ಶಸ್ತ್ರಚಿಕಿತ್ಸೆಗಳ ಮಾತೇ ಇಲ್ಲ.

ಆದರೂ ವಹಿಸಲು ಬೇಕಾದಷ್ಟು ಉಳಿಯುತ್ತದೆ. ಲಸಿಕೆಯ ಫ್ರಿಜ್ಜನ್ನೇ ತೆಗೆದುಕೊಳ್ಳೋಣ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು; ಬಿಸಿ ತಗುಲಿದರೆ ಹೇಗೋ ಹಾಗೆಯೇ ಹೆಪ್ಪುಗಟ್ಟಿದರೂ ಅನೇಕ ಲಸಿಕೆಗಳು ಕೆಡುತ್ತವೆ. ದಿನಕ್ಕೆರಡು ಬಾರಿ ಉಷ್ಣತೆ ಬರೆಯಲು ಹೇಳಿದರಷ್ಟೇ ಸಹಾಯಕ ಬೆಳೆಯುವುದಿಲ್ಲ. ಅವಧಿಯ ದಿನಾಂಕದಂತೆ ಜೋಡಣೆ, ನಿಗದಿತ ಮೊತ್ತದೊಳಗಿನ ಮರುಖರೀದಿ, ಉಷ್ಣತೆ ಮಿತಿ ತಪ್ಪಿದಾಗ ದಾಸ್ತಾನನ್ನು ತಡೆಹಿಡಿಯುವ ಅಧಿಕಾರ, ಇವೆಲ್ಲವೂ ಒಬ್ಬನಿಗೇ ಸೇರಬೇಕು. ತಡೆಹಿಡಿಯುವ ಅಧಿಕಾರವೇ ಮುಖ್ಯ. ಸಿರಿಂಜು ಹಿಡಿದು ನಿಂತ ವೈದ್ಯರಿಗೆ "ಇದನ್ನು ಇಂದು ಬಳಸುವಂತಿಲ್ಲ ಸಾರ್" ಎನ್ನುವ ಧೈರ್ಯ ಅವನಿಗೆ ಬರಬೇಕು. ಗಿರಾಕಿಗಳೆದುರು ವೈದ್ಯರು ಅವನನ್ನು ಗದರಿದರೆ ವಹಿಸಿದ ಅಧಿಕಾರ ಅಲ್ಲಿಗೇ ಮುಗಿಯಿತು. ಮುಂದಿನ ಸಲ ಅವನು ಬಾಯಿ ತೆರೆಯುವುದಿಲ್ಲ. ಕೆಟ್ಟ ರೇಬೀಸ್ ಲಸಿಕೆ ಹಾಕಿಸಿಕೊಂಡ ನಾಯಿಯ ಮನೆಯವರು ರಕ್ಷಣೆಯಿದೆ ಎಂದೇ ನಂಬಿರುತ್ತಾರೆ. ಅವನ ನಿರ್ಧಾರ ತಪ್ಪಾಗಿದ್ದರೆ ಸಂಜೆ ಒಳಗೆ ಕರೆದು ತಿದ್ದಬಹುದು.

ದೂರವಾಣಿಯ ಹೊಣೆಗೆ ಲಿಖಿತ ಪಟ್ಟಿ ಅಗತ್ಯ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದೆ, ನಾಯಿಯ ಹೊಟ್ಟೆಯುಬ್ಬಿ ವಾಂತಿ ಬಾರದೆ ಓಕರಿಸುತ್ತಿದೆ, ಇಲಿ ಪಾಷಾಣ ತಿಂದಿದೆ ಎಂಬ ಕರೆಗಳಿಗೆ ಸರದಿಯಿಲ್ಲ; ಕೂಡಲೇ ಪ್ರಾಣಿಯನ್ನು ಕರೆತರಲು ಹೇಳಿ, ವೈದ್ಯರು ಎಂಥ ಕೆಲಸದಲ್ಲಿದ್ದರೂ ತಿಳಿಸಬೇಕು. ಔಷಧಿಯ ಸಲಹೆ ಮಾತ್ರ ಸಹಾಯಕಿಯ ಮಿತಿಯ ಹೊರಗಿನದು. ಮೊದಲ ವಾರ ಆಕೆ ವೈದ್ಯರ ಪಕ್ಕದಲ್ಲಿ ಕುಳಿತು ಕೇಳಲಿ, ಎರಡನೆಯ ವಾರ ಆಕೆ ಮಾತನಾಡಿ ವೈದ್ಯರು ಕೇಳಲಿ, ಅನಂತರ ಆಕೆಯೊಬ್ಬಳೇ. ವಾರಕ್ಕೊಮ್ಮೆ ಕರೆಗಳ ಪುಸ್ತಕವನ್ನು ಒಟ್ಟಿಗೆ ನೋಡುವಾಗ "ಹೀಗೇಕೆ ಮಾಡಿದಿರಿ?" ಎಂದು ಕೇಳುವ ಧ್ವನಿಯಲ್ಲಿ ವಿಚಾರಣೆಯ ಗಡಸು ಇರಬಾರದು.

ಹೊಣೆ ಹೆಚ್ಚಿದ ತಿಂಗಳಿನಿಂದಲೇ ಸಂಬಳವೂ ಹೆಚ್ಚತಕ್ಕದ್ದು. ಅನೇಕರು ಇದನ್ನು ವರ್ಷಾಂತ್ಯಕ್ಕೆ ತಳ್ಳುತ್ತಾರೆ. ಅಷ್ಟರಲ್ಲಿ ಕಲಿತ ಕೈ ಪಕ್ಕದ ಬೀದಿಯ ಚಿಕಿತ್ಸಾಲಯ ಸೇರಿರುತ್ತದೆ.