ಸೋತವರೂ ಸಂಜೆವರೆಗೆ ಆಡಲಿ: ಕ್ಲಬ್‌ನಲ್ಲಿ ಡಾರ್ಟ್ಸ್ ಟೂರ್ನಿ ನಡೆಸುವ ಬಗೆ

ಕ್ಲಬ್‌ನಲ್ಲಿ ಡಾರ್ಟ್ಸ್ ಟೂರ್ನಿ ನಡೆಸೋಣವೆಂದು ಕೂತವರು ಮೊದಲು ಬರೆಯುವುದು ನಾಕೌಟ್ ಪಟ್ಟಿಯನ್ನೇ. 16 ಮಂದಿ ಹೆಸರು ಕೊಟ್ಟರೆ 15 ಪಂದ್ಯ, ಒಬ್ಬ ವಿಜೇತ; ಲೆಕ್ಕ ಸುಲಭ. ಆದರೆ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಎಂಟು ಮಂದಿಯ ಆಟವೂ ಮುಗಿದಿರುತ್ತದೆ. ಅವರಲ್ಲಿ ಹೆಚ್ಚಿನವರು ಹೊಸಬರು, ಡಾರ್ಟ್ ಹಿಡಿಯುವ ಹದ ಕೈಗೆ ಹತ್ತುವ ಮೊದಲೇ ಕುರ್ಚಿ ಹಿಡಿದವರು. ಮುಂದಿನ ಸಲ ಅವರು ಹೆಸರು ಕೊಡುವುದು ಅನುಮಾನ. ಸದಸ್ಯರು ಬೆರೆಯಲಿ ಎಂದು ನಡೆಸುವ ಟೂರ್ನಿಯಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕು ಪಂದ್ಯ ಸಿಗಬೇಕು. ಎರಡು ಬೋರ್ಡ್ ಮತ್ತು ಒಂದು ಭಾನುವಾರ ಇದ್ದರೆ ಇದು ಖಂಡಿತ ಸಾಧ್ಯ.

ಅಳತೆ ತಪ್ಪಬಾರದು

ಬೋರ್ಡ್‌ನ ನಡುವಿನ ಬಿಂದು, ಅಂದರೆ ಬುಲ್, ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು. ಎಸೆಯುವವರು ನಿಲ್ಲುವ ಗೆರೆ ಬೋರ್ಡ್‌ನ ಮುಖದಿಂದ 2.37 ಮೀಟರ್ ದೂರ. ಇಲ್ಲಿ ಹಲವರು ಎಡವುತ್ತಾರೆ: ದೂರವನ್ನು ಗೋಡೆಯಿಂದ ಅಳೆಯುತ್ತಾರೆ, ಬೋರ್ಡ್‌ನ ದಪ್ಪ ಮರೆತೇಹೋಗುತ್ತದೆ. ಬೋರ್ಡ್‌ನ ಮುಖದಿಂದ ತೂಕದ ದಾರ ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿಂದ ಟೇಪ್ ಹಿಡಿಯಬೇಕು. ಬುಲ್‌ನಿಂದ ಗೆರೆಗೆ ಓರೆಯಾಗಿ ಅಳೆದರೆ ಸುಮಾರು 2.93 ಮೀಟರ್ ಬರಬೇಕು. ಬಂದರೆ ಎರಡೂ ಅಳತೆ ಸರಿಯಿದೆ ಎಂದರ್ಥ.

ಬೋರ್ಡ್‌ನ ಮೇಲೆ ನೆರಳು ಬೀಳದಂತೆ ಬೆಳಕು ಮುಂದಿನಿಂದ ಬರಲಿ. ಬೋರ್ಡ್ ಬಾಗಿಲ ಪಕ್ಕದಲ್ಲಿ ಬೇಡ. ಲೋಹದ ಮೊನೆಯ ಡಾರ್ಟ್ ತಂತಿಗೆ ತಾಗಿ ಹಿಂದಕ್ಕೆ ಚಿಮ್ಮುವುದುಂಟು; ಆದ್ದರಿಂದ ಮಕ್ಕಳು ಗೆರೆಯ ಹಿಂದೆಯೇ ಇರಬೇಕು, ಎಸೆಯುವವರಿಗೂ ಕಾಲಿಗೆ ಶೂ ಇರಬೇಕು. ಈ ಎರಡರಲ್ಲಿ ರಿಯಾಯಿತಿ ಇಲ್ಲ.

ಒಳ್ಳೆಯ ಬೋರ್ಡ್‌ಗಳು ಕತ್ತಾಳೆ ಜಾತಿಯ ಸೈಸಲ್ ನಾರಿನವು. ಡಾರ್ಟ್ ಕಿತ್ತ ಮೇಲೆ ನಾರು ತಾನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ನೀರು ತಾಕಿದರೆ ಉಬ್ಬಿ ಹಾಳಾಗುತ್ತದೆ. ಕೊಡಗು, ಚಿಕ್ಕಮಗಳೂರಿನಂಥ ಕಡೆ ಮಳೆಗಾಲದಲ್ಲಿ ಥಂಡಿ ಗೋಡೆಗೆ ಬೋರ್ಡ್ ತೂಗುಹಾಕಿಡದೆ, ಒಣ ಜಾಗದಲ್ಲಿ ತೆಗೆದಿಡುವುದು ಲೇಸು.

301 ಸಾಕು

ದೂರದರ್ಶನದಲ್ಲಿ ಕಾಣುವ ಆಟ 501. ಇಬ್ಬರೂ 501ರಿಂದ ಆರಂಭಿಸಿ, ಸರದಿಗೆ ಮೂರು ಡಾರ್ಟ್ ಎಸೆದು, ಗಳಿಸಿದ್ದನ್ನು ಕಳೆಯುತ್ತಾ ಸೊನ್ನೆಗೆ ಇಳಿಯಬೇಕು. ಕೊನೆಯ ಡಾರ್ಟ್ ಡಬಲ್ ಅಂಕದ ಹೊರ ಉಂಗುರಕ್ಕೇ ಅಥವಾ 50 ಅಂಕದ ಬುಲ್‌ಗೇ ನಾಟಬೇಕು. ಪಳಗಿದವರಿಗೆ ಇದೇ ಸೊಗಸು. ಹೊಸಬರಿಗೆ ಮಾತ್ರ ಆ ಕೊನೆಯ ಡಬಲ್ ಒಂದು ಶಿಕ್ಷೆ. ಉಂಗುರದ ಅಗಲ ಒಂದು ಸೆಂಟಿಮೀಟರ್‌ಗೂ ಕಡಿಮೆ. ಅದನ್ನು ಹುಡುಕುತ್ತಲೇ ಹತ್ತು ನಿಮಿಷ ಕಳೆಯುತ್ತದೆ, ಮುಂದಿನ ಪಂದ್ಯದವರು ಗಡಿಯಾರ ನೋಡುತ್ತಾ ನಿಲ್ಲುತ್ತಾರೆ.

ಸದಸ್ಯರ ಟೂರ್ನಿಗೆ 301 ಸಾಕು. ಹೊಸಬರು ಯಾವ ಅಂಕದಿಂದಲಾದರೂ ಸೊನ್ನೆ ತಲುಪಲಿ; ನುರಿತವರು ಮಾತ್ರ ಡಬಲ್‌ನಿಂದ ಮುಗಿಸಲಿ. ಅಂತರ ಇನ್ನೂ ದೊಡ್ಡದಿದ್ದರೆ ಹೊಸಬರು 201ರಿಂದ ಆರಂಭಿಸಬಹುದು. ಇದನ್ನು ಯಾರೂ ಅವಮಾನವೆಂದು ತಿಳಿಯಬೇಕಿಲ್ಲ, ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಸಹಜವಾಗಿಯೇ ಇದೆ. ಹೀಗೆ ಆಡಿದರೆ ಒಂದು ಪಂದ್ಯಕ್ಕೆ 15 ನಿಮಿಷ ಹಿಡಿಯಬಹುದು. 15 ಸರದಿಯಲ್ಲೂ ಮುಗಿಯದಿದ್ದರೆ, ಕಡಿಮೆ ಅಂಕ ಉಳಿಸಿಕೊಂಡವರು ಗೆದ್ದಂತೆ.

ಉಳಿದ ಅಂಕಕ್ಕಿಂತ ಹೆಚ್ಚು ಹೊಡೆದರೆ ಆ ಸರದಿಯೇ ರದ್ದು. ಉಳಿದದ್ದು 32 ಇದ್ದಾಗ ಎರಡು ಡಾರ್ಟ್ 20ಕ್ಕೆ ಬಿದ್ದರೆ ಮತ್ತೆ 32ರಿಂದಲೇ ಶುರು. ಬೋರ್ಡ್‌ನಿಂದ ಉದುರಿದ ಡಾರ್ಟ್‌ಗೆ ಅಂಕವಿಲ್ಲ, ಮತ್ತೊಮ್ಮೆ ಎಸೆಯುವಂತೆಯೂ ಇಲ್ಲ. ಯಾರು ಮೊದಲು ಎಸೆಯಬೇಕೆಂಬುದಕ್ಕೆ ನಾಣ್ಯ ಬೇಡ: ಇಬ್ಬರೂ ಒಂದೊಂದು ಡಾರ್ಟ್ ಬುಲ್‌ನತ್ತ ಎಸೆಯಲಿ, ಹತ್ತಿರ ನಾಟಿದವರು ಆರಂಭಿಸಲಿ. ಇಷ್ಟನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧದಷ್ಟು ವಾದ ಕಡಿಮೆಯಾಗುತ್ತದೆ.

ಗುಂಪು, ಕಪ್, ಪ್ಲೇಟ್

16 ಮಂದಿಯನ್ನು ನಾಲ್ವರಂತೆ ನಾಲ್ಕು ಗುಂಪು ಮಾಡಬೇಕು. ನುರಿತ ನಾಲ್ವರನ್ನು ಗುಂಪಿಗೊಬ್ಬರಂತೆ ಹಂಚಿ, ಉಳಿದವರ ಚೀಟಿಯನ್ನು ಎಲ್ಲರೆದುರು ಎತ್ತಬೇಕು. ಗುಂಪಿನಲ್ಲಿ ಎಲ್ಲರೂ ಎಲ್ಲರೊಂದಿಗೆ ಆಡಿದರೆ ಗುಂಪಿಗೆ 6, ಒಟ್ಟು 24 ಪಂದ್ಯ. ಎರಡು ಬೋರ್ಡ್‌ನಲ್ಲಿ ಇದು ಮೂರು ಗಂಟೆಯ ಆಟ. ಬೆಳಿಗ್ಗೆ 10ಕ್ಕೆ ಶುರುವಾದರೆ ಮಧ್ಯಾಹ್ನ 1ಕ್ಕೆ ಊಟ.

ಊಟದ ನಂತರ ಪ್ರತಿ ಗುಂಪಿನ ಮೊದಲ ಇಬ್ಬರು ಕಪ್ ವಿಭಾಗಕ್ಕೆ, ಕೊನೆಯ ಇಬ್ಬರು ಪ್ಲೇಟ್ ವಿಭಾಗಕ್ಕೆ. ಎರಡೂ ಎಂಟೆಂಟು ಮಂದಿಯ ನಾಕೌಟ್, ಏಳೇಳು ಪಂದ್ಯ. ಒಂದೊಂದು ಬೋರ್ಡ್‌ನಲ್ಲಿ ಒಟ್ಟಿಗೆ ನಡೆಯುತ್ತವೆ. ಫೈನಲ್‌ಗಳನ್ನು ಮೂರು ಆಟಗಳ ಪಂದ್ಯವಾಗಿಸಿದರೂ ಸಂಜೆ ಐದರೊಳಗೆ ಬಹುಮಾನ ಕೊಡಬಹುದು. ಬೆಳಿಗ್ಗೆ ಮೂರಕ್ಕೆ ಮೂರೂ ಸೋತವರು ಸಂಜೆ ಪ್ಲೇಟ್ ಫೈನಲ್‌ನಲ್ಲಿ ನಿಲ್ಲುವ ಅವಕಾಶ ಇರುವುದು ಈ ವ್ಯವಸ್ಥೆಯಲ್ಲಿ ಮಾತ್ರ. ಬಂದವರು 13 ಮಂದಿಯಾದರೆ ನಾಲ್ಕೂ ಗುಂಪು ನಾಲ್ವರದ್ದಾಗದು. ಒಂದು ಗುಂಪು ನಾಲ್ವರದ್ದು, ಮೂರು ಗುಂಪು ಮೂವರದ್ದು ಮಾಡಿಕೊಳ್ಳಬಹುದು. ಆಗ ಪ್ಲೇಟ್ ವಿಭಾಗದ ಮೊದಲ ಸುತ್ತಿನಲ್ಲಿ ಮೂವರಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು, ಸಿಗುತ್ತದೆ.

ಮಹಿಳೆಯರಿಗೆ, ಹಿರಿಯರಿಗೆ, ಕಿರಿಯರಿಗೆ ಪ್ರತ್ಯೇಕ ವಿಭಾಗ ಬೇಕೆಂಬ ಸಲಹೆ ಬರುವುದು ಖಚಿತ. ಅದಕ್ಕೆ ಒಪ್ಪಬಾರದು. ಈ ಆಟಕ್ಕೆ ಬೇಕಾದದ್ದು ತೋಳ್ಬಲವಲ್ಲ, ಕೈಯ ಸ್ಥಿರತೆ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ಫಾಲನ್ ಶೆರಾಕ್ ವೃತ್ತಿಪರ ಆಟಗಾರರ ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷ ಆಟಗಾರನನ್ನು ಸೋಲಿಸಿ, ಅಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆ ಎನಿಸಿದರು. ಅದೇ ಸಭಾಂಗಣದಲ್ಲಿ 2025ರ ಜನವರಿಯಲ್ಲಿ 17 ವರ್ಷದ ಲೂಕ್ ಲಿಟ್ಲರ್, ಮೂರು ಬಾರಿಯ ಚಾಂಪಿಯನ್ ಮೈಕಲ್ ವ್ಯಾನ್ ಗರ್ವೆನ್ ಅವರನ್ನು 7–3ರಿಂದ ಮಣಿಸಿ ವಿಶ್ವ ಚಾಂಪಿಯನ್ ಆದರು. ಕ್ಲಬ್ ಟೂರ್ನಿಯಲ್ಲಿ ಅಜ್ಜಿ–ಮೊಮ್ಮಗ ಎದುರುಬದುರಾದರೆ ಅದೇ ಆ ದಿನದ ಒಳ್ಳೆಯ ಪಂದ್ಯವಾಗಬಹುದು.

ಅಂಕ ಬರೆಯುವವರು

ಆಡುವವರೇ ತಮ್ಮ ಅಂಕ ಬರೆದುಕೊಳ್ಳುವಂತಾಗಬಾರದು. ಒಂದು ಬೋರ್ಡ್‌ಗೆ ಎರಡು ಗುಂಪು ಇರುವುದರಿಂದ, ಒಂದು ಗುಂಪು ಆಡುವಾಗ ಇನ್ನೊಂದು ಗುಂಪಿನವರು ಬರೆಯಲಿ. ಬರೆಯುವವರು ಅಂಕವನ್ನು ಜೋರಾಗಿ ಹೇಳಿ, ಕಳೆದು, ಉಳಿದದ್ದನ್ನು ಬಿಳಿ ಬೋರ್ಡ್‌ನಲ್ಲಿ ಬರೆದ ಮೇಲೆಯೇ ಡಾರ್ಟ್ ಕೀಳಬೇಕು. ಮೊದಲೇ ಕಿತ್ತರೆ ಯಾವ ತಕರಾರನ್ನೂ ಬಗೆಹರಿಸಲಾಗದು.

ಹೊಸಬರಿಗೆ ಅಭ್ಯಾಸದ ಹೊತ್ತಿನಲ್ಲೇ ಒಂದು ಮಾತು ಹೇಳಿಡಬೇಕು. ಬೋರ್ಡ್‌ನಲ್ಲಿ 20ರ ಅಕ್ಕಪಕ್ಕ ಇರುವುದು 5 ಮತ್ತು 1. ತುದಿಯಲ್ಲಿರುವ ದೊಡ್ಡ ಅಂಕದ ಆಸೆಗೆ ಬಿದ್ದರೆ ಕೈ ಚೂರು ತಪ್ಪಿದರೂ ನಷ್ಟ. ಗುರಿ ಇನ್ನೂ ನಿಲ್ಲದವರಿಗೆ 16, 8, 11 ಇರುವ ಎಡಭಾಗ ಹೆಚ್ಚು ಲಾಭದ ಜಾಗ.

ಖರ್ಚಿನ ವಿಷಯಕ್ಕೆ ಬಂದರೆ, ದೊಡ್ಡ ಟ್ರೋಫಿ ಬೇಕಿಲ್ಲ. ಕಪ್ ಮತ್ತು ಪ್ಲೇಟ್ ವಿಜೇತರಿಗೆ ಸಮಾನ ಬೆಲೆಯ ಡಾರ್ಟ್ ಸೆಟ್ ಕೊಟ್ಟರೆ ಅವು ಮರುವಾರವೇ ಆಟಕ್ಕೆ ಬರುತ್ತವೆ. ಕ್ಲಬ್‌ನಲ್ಲಿ ಒಂದೇ ಬೋರ್ಡ್ ಇದ್ದರೆ, ಟ್ರೋಫಿಗೆ ಎತ್ತಿಟ್ಟ ಹಣದಲ್ಲಿ ಮೊದಲು ಎರಡನೆಯದನ್ನು ಕೊಳ್ಳಿ, ಟೂರ್ನಿಯ ದಿನಾಂಕವನ್ನು ಆಮೇಲೆ ನಿಗದಿ ಮಾಡಿ.