ಚಂದಿರನನ್ನು ಅಲ್ಲೇ ಇರಲು ಬಿಡು

ನೀನು ಬರೆದ ಹಾಡು ಓದಿದೆ. ಪ್ರಾಸ ಸಲೀಸಾಗಿ ಕೂತಿದೆ, ಪಲ್ಲವಿ ಬಾಯಲ್ಲಿ ನಿಲ್ಲುತ್ತದೆ. ಆದರೆ ಮೂರು ಚರಣದಲ್ಲೂ ನೀನು ಬರೀ ಶೂರ. ಚಂದಿರನನ್ನು ಇಳಿಸಿಕೊಡುತ್ತೀಯ, ಏಳು ಕಡಲು ದಾಟುತ್ತೀಯ, ಕೊನೆಗೆ ಪ್ರಾಣವನ್ನೂ ಕೊಡುತ್ತೀಯ. (ಪ್ರಾಣ ಕೊಡುವವರಿಗೆ ನಮ್ಮ ಸಿನಿಮಾ ಹಾಡುಗಳಲ್ಲಿ ಬರವಿಲ್ಲ, ರಾತ್ರಿ ಪಾತ್ರೆ ತೊಳೆದುಕೊಡುವವರನ್ನು ಮಾತ್ರ ನಾನು ಕಂಡಿಲ್ಲ.) ಇಷ್ಟೆಲ್ಲ ಕೇಳಿದ ಮೇಲೂ ಆ ಹುಡುಗಿಗೆ ನೀನು ಎಂಥವನು ಅಂತ ತಿಳಿಯುವುದಿಲ್ಲವಲ್ಲೋ.

ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ಬೇಂದ್ರೆ ಬರೆದ ಹಾಡೊಂದಿದೆ. ಹೆಂಡತಿ ತನ್ನ ಕಡೆ ನೋಡುವ ನೋಟವನ್ನು ತಾಳಲಾರದ ಗಂಡನ ಮಾತು ಅದು. ಭಾವಗೀತೆಯಾಗಿ ನೀನೂ ಕೇಳಿರುತ್ತೀಯ, ಬಹುಶಃ ದುಃಖದ ಹಾಡು ಅಂತ ದಾಟಿಸಿಬಿಟ್ಟಿರುತ್ತೀಯ. ಇನ್ನೊಮ್ಮೆ ಕೂತು ಕೇಳು. ಆ ಗಂಡ ಧೈರ್ಯ ಹೇಳುವುದಿಲ್ಲ. ಈ ಸಂಸಾರಸಾಗರದ ಆಚೆ ದಡ ಎಲ್ಲಿದೆಯೋ ತನಗೂ ಗೊತ್ತಿಲ್ಲ ಅನ್ನುತ್ತಾನೆ. ಕೂಸಿನ ಮಾತು ಬಂದಾಗ ಅದು ಮಲಗಿದೆ ಅಂತಷ್ಟೇ ಅನ್ನಬಲ್ಲ. ಹೆಣ ಅನ್ನುವ ಮಾತನ್ನು ಹಗಲಿನಲ್ಲಿ ತೇಲುವ ಹುಣ್ಣಿಮೆ ಚಂದಿರನ ಮೇಲೆ ಹೊರಿಸುತ್ತಾನೆ. ನೀನು ಇಳಿಸಿಕೊಡುವ ಅದೇ ಚಂದಿರ, ನೋಡು! ಧಾರೆಯ ನೀರಿನಲ್ಲಿ ನೆನೆದ ಕೈಯನ್ನು ಅವಳು ಇನ್ನೂ ಬಿಟ್ಟಿಲ್ಲ ಅನ್ನುವುದು ಅವನ ನೆನಪಿಗೆ ಬರುತ್ತದೆ. ಕಡೆಗೆ ಅವನು ಕೇಳಿಕೊಳ್ಳುವುದಿಷ್ಟೆ: ನಗುವಿನಲ್ಲಿ ದುಃಖ ಮುಚ್ಚಬೇಡ, ಅತ್ತುಬಿಡು.

ನನ್ನ ಮಟ್ಟಿಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪ್ರೇಮಗೀತೆ ಇಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಿಂದ ಮನೆಮಾತಾಗಿದೆ, ನನಗೂ ಪ್ರಾಣ; ಆದರೆ ಅಲ್ಲಿನ ಸಲಿಗೆ ಬಹುಪಾಲು ನಗುನಗುತ್ತಾ ಬರುವಂಥದ್ದು. ಬೇಂದ್ರೆಯ ಗಂಡ ಸೋತು ನಿಂತಿದ್ದಾನೆ, ಸೋತದ್ದನ್ನು ಹೆಂಡತಿಯ ಮುಂದೆಯೇ ಹೇಳುತ್ತಿದ್ದಾನೆ.

ಹಾಗಂತ ನಾಳೆಯೇ ಹೋಗಿ ನಿನ್ನ ಗೋಳೆಲ್ಲ ಅವಳ ಮಡಿಲಿಗೆ ಸುರಿಯಬೇಡ. ಪರಿಚಯವಾಗಿ ಇನ್ನೂ ಎಷ್ಟು ದಿನವಾಯಿತು? ಅವಳೂ ತನ್ನದೊಂದು ಹೇಳಲಿ, ಅಷ್ಟು ಜಾಗ ಬಿಡು. ಅವಳು ನಂಬಿ ಹೇಳಿದ್ದನ್ನು ಮುಂದೆ ಜಗಳದಲ್ಲಿ ಎತ್ತಿ ಆಡಿದೆಯೋ, ಆಮೇಲೆ ಅವಳು ಊಟ ಆಯ್ತಾ, ಮಳೆ ಬಂತಾ ಅಂತಷ್ಟೇ ಮಾತಾಡುತ್ತಾಳೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವಳು ಅತ್ತಾಗ ತಕ್ಷಣ ಬುದ್ಧಿ ಹೇಳುವುದಕ್ಕೂ ಹೋಗಬೇಡ. ಗಂಡಸರಿಗೆ ಇದೊಂದು ಚಟ.

ಈಗ ಹಾಡಿಗೆ ಬಾ. ಪಲ್ಲವಿ ಇರಲಿ. ಎರಡನೇ ಚರಣ ಹೊಡೆದುಹಾಕು. ಕೆಲಸ ಹೋದ ಸುದ್ದಿಯನ್ನು ಮನೆಯಲ್ಲಿ ಹೇಳಲಾರದೆ ಪಾರ್ಕಿನಲ್ಲಿ ಕೂತು ಸಂಜೆ ಮಾಡುತ್ತಿದ್ದೆ ಅಂತ ಮೊನ್ನೆ ನನ್ನ ಹತ್ತಿರ ಹೇಳಿದೆಯಲ್ಲ, ಅದನ್ನು ಅಲ್ಲಿಗೆ ತಾ. ಪ್ರಾಸ ಕೂರದಿದ್ದರೆ ಕೂರದಿರಲಿ. ರಾಗ ಆಮೇಲೆ ನೋಡೋಣ.