ಆಹಾರದಲ್ಲಿ ಪ್ಲಾಸ್ಟಿಕ್ ರಾಸಾಯನಿಕ: ನಾವು ಯಾವ ಪರೀಕ್ಷೆ ಕೇಳಬೇಕು?



ಈ ಸಲದ ಪಾಠ ನಾವು ಮಾಡುವ ಅಡುಗೆಯ ಬಗ್ಗೆ ಅಲ್ಲ, ಅದನ್ನು ತುಂಬಿ ಮಾರುವ ಚೀಲ, ಬಾಟ್ಲಿ, ಮುಚ್ಚಳಗಳ ಬಗ್ಗೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಕಡೆಯ ಸಂಘಗಳಲ್ಲಿ ಕೆಲವರು ಖಡಕ್ ರೊಟ್ಟಿ ಮಾರುತ್ತಾರೆ. ಕೆಲವರು ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಲಿಂಬಿಕಾಯಿ ಉಪ್ಪಿನಕಾಯಿ, ಶೇಂಗಾ ಹೋಳಿಗೆ ಮಾಡುತ್ತಾರೆ. ದ್ರಾಕ್ಷಿ ತೋಟದ ಕಡೆಯವರು ಒಣದ್ರಾಕ್ಷಿ ಕಟ್ಟುತ್ತಾರೆ. ಎಲ್ಲವೂ ಕಡೆಗೆ ಹೋಗಿ ಸೇರುವುದು ಪ್ಲಾಸ್ಟಿಕ್ಕಿನೊಳಗೆ.

2025ರ ಫೆಬ್ರುವರಿಯ ಇಡ್ಲಿ ಸುದ್ದಿ ನಿಮಗೆಲ್ಲ ನೆನಪಿರಬೇಕು. ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಸಿಕ್ಕಿತು. ಹಾಗೆ ಮಾಡುವುದನ್ನು ನಿಷೇಧಿಸುತ್ತೇವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹೇಳಿದರು. ಅಂದಿನಿಂದ ಸಭೆಗೆ ಹೋದಲ್ಲೆಲ್ಲ ನಮಗೆ ಬರುವ ಪ್ರಶ್ನೆ ಒಂದೇ: "ಸಿಸ್ಟರ್, ಪ್ಲಾಸ್ಟಿಕ್‌ನ್ಯಾಗ ಇಟ್ಟಿದ್ದು ತಿಂದ್ರ ಕ್ಯಾನ್ಸರ್ ಬರ್ತೈತಂತ, ಖರೇ ಏನ್ರಿ? ನಮ್ಮ ಮಾಲು ಎಲ್ಲಿ ಟೆಸ್ಟ್ ಮಾಡಸೂದು?"

ಟೆಸ್ಟ್ ಎಲ್ಲಿ ಎಂದು ಕೇಳುವ ಮೊದಲು ಯಾವುದನ್ನು ಟೆಸ್ಟ್ ಮಾಡಿಸಬೇಕು ಎಂದು ತಿಳಿಯೋಣ. ಇಲ್ಲದಿದ್ದರೆ ರೊಕ್ಕ ಹೋಗುತ್ತದೆ, ಕೈಗೆ ಬಂದ ಕಾಗದದಿಂದ ಏನೂ ತಿಳಿಯುವುದಿಲ್ಲ.

ಹೋಳಿಗೆ ಕಣಕ ನಾದುವಾಗ ಎಣ್ಣೆ ಹಾಕುತ್ತೇವೆ. ಅದರಿಂದ ಕಣಕ ಮೆತ್ತಗಾಗಿ ಹರಿಯದೆ ಜಗ್ಗುತ್ತದೆ. ಅದೇ ಕಣಕವನ್ನು ಒಂದು ಕಾಗದದ ಮೇಲೆ ಇಡಿರಿ, ಸ್ವಲ್ಪ ಹೊತ್ತಿಗೆ ಕಾಗದ ಎಣ್ಣೆ ಹೀರಿರುತ್ತದೆ. ಪ್ಲಾಸ್ಟಿಕ್ಕಿನ ಕಥೆಯೂ ಹೀಗೆಯೇ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಹುಟ್ಟಾ ಗಡುಸು, ನಲ್ಲಿ ಪೈಪು ನೋಡಿದ್ದೀರಲ್ಲ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಇದಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ, ನಾವು ಮೆದುಕಾರಕ ಎನ್ನೋಣ. 100 ಗ್ರಾಂ ಮೆತ್ತನೆಯ ಪಿ.ವಿ.ಸಿ.ಯಲ್ಲಿ ಅದು 30ರಿಂದ 40 ಗ್ರಾಂ ತನಕ ಇರಬಹುದು. ಕಣಕದೊಳಗಿನ ಎಣ್ಣೆಯ ಹಾಗೆ ಇದೂ ಪ್ಲಾಸ್ಟಿಕ್ಕಿಗೆ ಗಂಟು ಹಾಕಿಕೊಂಡಿಲ್ಲ, ಎಣ್ಣೆ ಜಿಡ್ಡಿನ ಪದಾರ್ಥ ತಾಗಿದರೆ ಅದರೊಳಗೆ ಇಳಿಯುತ್ತದೆ. ಇವುಗಳಲ್ಲಿ ಬಹಳ ಬಳಕೆಯಾದ ಗುಂಪು ಥ್ಯಾಲೇಟ್, ಅದರಲ್ಲೂ ಡಿ.ಇ.ಎಚ್.ಪಿ. ಎಂಬುದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾರ್ಮೋನಿನ ಕೆಲಸ ಕೆಡಿಸಿ, ಹೊಟ್ಟೆಯಲ್ಲಿರುವ ಗಂಡುಮರಿಯ ಜನನಾಂಗದ ಬೆಳವಣಿಗೆಗೆ ತೊಂದರೆ ಮಾಡಿದ್ದು ಕಂಡಿದೆ. ಕ್ಯಾನ್ಸರಿನ ಮಾತು ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು "ತರಬಹುದಾದ ಸಾಧ್ಯತೆ ಇದೆ" ಎಂಬ ಪಟ್ಟಿಯಲ್ಲಿ ಇಟ್ಟಿದೆ, "ತರುತ್ತದೆ" ಎಂಬ ಪಟ್ಟಿಯಲ್ಲಿ ಅಲ್ಲ. ಬಸುರಿ ಹೆಣ್ಣುಮಕ್ಕಳು ಮತ್ತು ಸಣ್ಣ ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು ಎನ್ನುವುದು ಈ ಕಾರಣಕ್ಕೆ.

ಹಾಗಂತ ಎಲ್ಲ ಪ್ಲಾಸ್ಟಿಕ್ಕಿನಲ್ಲೂ ಇದು ಇರುವುದಿಲ್ಲ. ನಾವು ಹಿಂಡಿ ತುಂಬುವ ಪಾಲಿಥಿನ್ ಚೀಲಕ್ಕೆ, ಪಾಲಿಪ್ರೊಪಿಲಿನ್ ಡಬ್ಬಿಗೆ ಸಾಮಾನ್ಯವಾಗಿ ಮೆದುಕಾರಕ ಬೇಕಾಗುವುದಿಲ್ಲ. ಡಬ್ಬಿಯ ತಳದ ತ್ರಿಕೋನದಲ್ಲಿ 2 ಮತ್ತು 4 ಇದ್ದರೆ ಪಾಲಿಥಿನ್, 5 ಇದ್ದರೆ ಪಾಲಿಪ್ರೊಪಿಲಿನ್, 1 ಇದ್ದರೆ ನೀರಿನ ಬಾಟ್ಲಿಯ ಪೆಟ್, 3 ಇದ್ದರೆ ಪಿ.ವಿ.ಸಿ. ಅಂಕಿ ಇಲ್ಲದಿದ್ದರೆ ಸಣ್ಣ ತುಂಡು ಕತ್ತರಿಸಿ, ಸೋಪಿನ ನೀರು ಹಚ್ಚಿ ಗಾಳಿಗುಳ್ಳೆ ತೆಗೆದು ನೀರಿನಲ್ಲಿ ಮುಳುಗಿಸಿ ಬಿಡಿರಿ. ಪಾಲಿಥಿನ್, ಪಾಲಿಪ್ರೊಪಿಲಿನ್ ಮೇಲೆ ಬರುತ್ತವೆ. ಪಿ.ವಿ.ಸಿ. ಮುಳುಗುತ್ತದೆ (ಪೆಟ್ ಕೂಡ ಮುಳುಗುತ್ತದೆ, ಆದರೆ ಅದು ಜಗ್ಗುವುದಿಲ್ಲ, ಚಟಪಟ ಸಪ್ಪಳ ಮಾಡುತ್ತದೆ). ಇದರಿಂದ ಪ್ಲಾಸ್ಟಿಕ್ಕಿನ ಜಾತಿ ಅಂದಾಜಾಗುತ್ತದೆ, ಅಷ್ಟೇ. ಆಹಾರದಲ್ಲಿ ಏನು ಸೇರಿದೆ ಎಂದು ಮನೆಯಲ್ಲಿ ನೋಡುವ ಯಾವ ಉಪಾಯವೂ ಇಲ್ಲ. ಬಣ್ಣ, ರುಚಿ, ವಾಸನೆಯಿಂದ ಅದು ತಿಳಿಯದು. ಮೊಬೈಲಿನಲ್ಲಿ ಬರುವ "ಸುಟ್ಟು ನೋಡಿ" ವಿಡಿಯೋ ನಂಬಬೇಡಿರಿ. ಪಿ.ವಿ.ಸಿ. ಸುಟ್ಟರೆ ವಿಷದ ಹೊಗೆ ಬರುತ್ತದೆ.

ಹಾಗಾದರೆ ಇಡ್ಲಿ ಹಾಳೆಯ ದೋಷ ಏನು? ಅದು ಯಾವ ಕಾರ್ಖಾನೆಯದು, ಹೊಸದೋ, ಕಸ ಕರಗಿಸಿ ಮಾಡಿದ್ದೋ ಯಾರಿಗೂ ಗೊತ್ತಿರುವುದಿಲ್ಲ. ಹಬೆಯ ಬಿಸಿಗೆ ತೆಳು ಹಾಳೆ ಮೆತ್ತಗಾಗುತ್ತದೆ, ಒಳಗೆ ಇದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ. ಮಾರುಕಟ್ಟೆಯ ಬಣ್ಣಬಣ್ಣದ ಕ್ಯಾರಿಬ್ಯಾಗಿನಲ್ಲಿ ಬಿಸಿ ಚಹಾ, ಸಾಂಬಾರು ಕಟ್ಟಿಸಿಕೊಂಡು ಬರುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಿರ್ಚಿ ಭಜಿ ಸುತ್ತುವ ಪೇಪರನ್ನೂ ಮರೆಯಬಾರದು. ಮುದ್ರಣದ ಮಸಿಯ ರಾಸಾಯನಿಕಗಳು ಬಿಸಿ ಎಣ್ಣೆಗೆ ಅಂಟುತ್ತವೆ. ಆಹಾರ ಸುತ್ತಲು ಸುದ್ದಿಪತ್ರಿಕೆ ಬಳಸುವುದನ್ನು 2018ರ ಪ್ಯಾಕಿಂಗ್ ನಿಯಮಗಳು ನಿಷೇಧಿಸಿವೆ.

ಎಣ್ಣೆ, ಬಿಸಿ, ಹುಳಿ, ಬಹಳ ದಿನ. ಈ ನಾಲ್ಕು ಎಷ್ಟು ಕೂಡುತ್ತವೋ ಅಷ್ಟು ಅಪಾಯ. ಇದನ್ನು ನಮ್ಮ ಮಾಲಿಗೆ ಹಚ್ಚಿ ನೋಡೋಣ. ಖಡಕ್ ರೊಟ್ಟಿ ಒಣಗಿದ್ದು, ಎಣ್ಣೆ ಇಲ್ಲ, ಚಿಂತೆ ಕಡಿಮೆ. ಒಣದ್ರಾಕ್ಷಿಯೂ ಹಾಗೆಯೇ, ಅದಕ್ಕೆ ಔಷಧಿ ಸಿಂಪಡಣೆಯ ಪರೀಕ್ಷೆ ಮುಖ್ಯ, ಅದು ಬೇರೆ ಪಾಠ. ಶೇಂಗಾ ಹಿಂಡಿ, ಅಗಸಿ ಹಿಂಡಿಯಲ್ಲಿ ಎಣ್ಣೆ ತಾನಾಗಿಯೇ ಇದೆ. ಶೇಂಗಾ ಹೋಳಿಗೆಯನ್ನು ಬಿಸಿ ಬಿಸಿ ಇರುವಾಗಲೇ ಚೀಲಕ್ಕೆ ಹಾಕಿದರೆ ಎಣ್ಣೆ, ಬಿಸಿ ಎರಡೂ ಕೂಡಿದಂತೆ. ಲಿಂಬಿಕಾಯಿ ಉಪ್ಪಿನಕಾಯಿಯಲ್ಲಿ ಹುಳಿ, ಎಣ್ಣೆ, ತಿಂಗಳುಗಟ್ಟಲೆ ಸಮಯ ಮೂರೂ ಇವೆ. ಮೊದಲು ಪರೀಕ್ಷೆ ಮಾಡಿಸುವುದಾದರೆ ಉಪ್ಪಿನಕಾಯಿ, ಆಮೇಲೆ ಹಿಂಡಿ. ರೊಟ್ಟಿಗೆ ರೊಕ್ಕ ಹಾಕಬೇಡಿರಿ.

ಬಬಲೇಶ್ವರದ ಸಭೆಯಲ್ಲಿ ಒಬ್ಬ ಅಕ್ಕ ಎದ್ದು, "ನಾವು ಗಾಜಿನ ಬಾಟ್ಲ್ಯಾಗ ಹಾಕ್ತೀವ್ರಿ, ನಮಗ ಈ ಪಾಠ ಬ್ಯಾಡ" ಅಂದರು. ಅವರಿಗೇ ಈ ಪಾಠ ಹೆಚ್ಚು ಬೇಕು. ಗಾಜು ಒಳ್ಳೆಯದೇ, ಅನುಮಾನ ಇಲ್ಲ. ಆದರೆ ತಗಡಿನ ತಿರುಪು ಮುಚ್ಚಳವನ್ನು ಅಂಗಾತ ಮಾಡಿ ನೋಡಿರಿ. ಅಂಚಿನ ಸುತ್ತ ರಬ್ಬರಿನಂಥ ಮೆತ್ತನೆಯ ಉಂಗುರ ಇರುತ್ತದೆ. ಅದು ಬಹುತೇಕ ಮೆತ್ತನೆಯ ಪಿ.ವಿ.ಸಿ. 2000ದ ದಶಕದಲ್ಲಿ ಯುರೋಪಿನ ಪ್ರಯೋಗಾಲಯಗಳು ಎಣ್ಣೆಯಲ್ಲಿ ಹಾಕಿಟ್ಟ ತರಕಾರಿ, ಸಾಸ್‌ಗಳ ಗಾಜಿನ ಬಾಟ್ಲಿಗಳನ್ನು ಪರೀಕ್ಷಿಸಿದಾಗ, ಎಷ್ಟೋ ಬಾಟ್ಲಿಗಳಲ್ಲಿ ಈ ಉಂಗುರದಿಂದ ಇಳಿದ ಮೆದುಕಾರಕ ಮಿತಿ ಮೀರಿತ್ತು. ಆದ್ದರಿಂದ ಕಂಠಮಟ್ಟ ತುಂಬದೆ ಎಣ್ಣೆಗೂ ಮುಚ್ಚಳಕ್ಕೂ ನಡುವೆ ಜಾಗ ಬಿಡಿರಿ. ಬಾಟ್ಲಿಯನ್ನು ನೆಟ್ಟಗೆ ನಿಲ್ಲಿಸಿ ಇಡಿರಿ, ಅಡ್ಡ ಮಲಗಿಸಿ ಸಾಗಿಸಬೇಡಿರಿ. ಮುಚ್ಚಳ ಕೊಡುವವರಿಗೆ "ಪಿ.ವಿ.ಸಿ. ಇಲ್ಲದ್ದು ಇದೆಯಾ" ಎಂದು ಕೇಳಿರಿ.

ಚೀಲ, ಬಾಟ್ಲಿಗಿಂತ ಮೊದಲೇ, ನಮ್ಮ ಅಡುಗೆ ಕೋಣೆಯಲ್ಲೇ ಇದು ಸೇರುವ ದಾರಿ ಇನ್ನೆರಡು ಇವೆ. ಒಂದು, ಬ್ಯಾರಲಿನಿಂದ ಎಣ್ಣೆ ಇಳಿಸುವ ಮೆತ್ತನೆಯ ಪಾರದರ್ಶಕ ಪೈಪು. ಅದರ ಬದಲು ಸ್ಟೀಲಿನ ಸೌಟು, ಲಾಳಿಕೆ ಸಾಕು. ಇನ್ನೊಂದು ಕೈಗವಸು. ಕೊರೋನಾ ಬಂದ ಮೇಲೆ ಎಲ್ಲರೂ ಕೈಗವಸು ಹಾಕುವುದು ಕಲಿತೆವು. ಜಪಾನಿನಲ್ಲಿ ಡಬ್ಬಿ ಊಟದಲ್ಲಿ ಡಿ.ಇ.ಎಚ್.ಪಿ. ಹೆಚ್ಚು ಸಿಕ್ಕಿದಾಗ ಹುಡುಕುತ್ತಾ ಹೋದರೆ ಮೂಲ ಅಡುಗೆಯವರ ಪಿ.ವಿ.ಸಿ. ಕೈಗವಸು! ಸ್ವಚ್ಛತೆಗೆ ಎಂದು ಅದರ ಮೇಲೆ ಆಲ್ಕೋಹಾಲ್ ಸಿಂಪಡಿಸುತ್ತಿದ್ದರು, ಅದರಿಂದ ಇನ್ನಷ್ಟು ಬಿಟ್ಟುಕೊಂಡಿತು. 2000ನೇ ಇಸವಿಯಲ್ಲಿ ಅಲ್ಲಿನ ಸರಕಾರ ಅಂಥ ಕೈಗವಸನ್ನು ಆಹಾರಕ್ಕೆ ಬಳಸಬಾರದೆಂದು ಸೂಚಿಸಿತು. ನಮಗೆ ಸೋಪಿನಿಂದ ತೊಳೆದ ಕೈ, ಇಲ್ಲವೆ ಪಾಲಿಥಿನ್ ಕೈಗವಸು ಸಾಕು.

ಈಗ ಪರೀಕ್ಷೆಯ ಮಾತು. ಇದರಲ್ಲಿ ಎರಡು ಬಗೆ ಇವೆ, ಒಂದು ಚೀಲದ ಪರೀಕ್ಷೆ, ಇನ್ನೊಂದು ಆಹಾರದ ಪರೀಕ್ಷೆ.

ಚೀಲದ ಪರೀಕ್ಷೆಯಲ್ಲಿ ಆಹಾರದ ಬದಲು ಅದನ್ನು ಹೋಲುವ ದ್ರವವನ್ನು ಚೀಲಕ್ಕೆ ತಾಗಿಸಿ, ಗೊತ್ತಾದ ಬಿಸಿಯಲ್ಲಿ ಗೊತ್ತಾದ ಹೊತ್ತು ಇಟ್ಟು, ಚೀಲದಿಂದ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ನೀರಿನಂಥ ಪದಾರ್ಥಕ್ಕೆ ಶುದ್ಧ ನೀರು, ಹುಳಿ ಪದಾರ್ಥಕ್ಕೆ ಶೇ. 3ರ ಅಸಿಟಿಕ್ ಆಮ್ಲ, ಎಣ್ಣೆ ಪದಾರ್ಥಕ್ಕೆ ಹೆಪ್ಟೇನ್‌ನಂಥ ದ್ರವ. ಇಳಿದದ್ದು ಎಲ್ಲ ಸೇರಿ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು. ಇದು ಒಟ್ಟು ಮಿತಿ. ಡಿ.ಇ.ಎಚ್.ಪಿ. ಒಂದಕ್ಕೇ ಇರುವ ಮಿತಿ ಬೇರೆ, ಕಿಲೋಗೆ 1.5 ಮಿಲಿಗ್ರಾಂ. ಲೆಕ್ಕ ಮಾಡಿರಿ, 60 ಎನ್ನುವುದು 1.5ರ 40 ಪಟ್ಟು. ಅಂದರೆ ಒಟ್ಟು ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದ ಚೀಲವೂ ಡಿ.ಇ.ಎಚ್.ಪಿ.ಯಲ್ಲಿ ನಪಾಸಾಗಬಹುದು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಬಹಳ ಜನರಿಗೆ ಗೊತ್ತೂ ಇರುವುದಿಲ್ಲ.

ಈ ಪರೀಕ್ಷೆಗೆ ಸಂಘ ರೊಕ್ಕ ಕೊಡಬೇಕಿಲ್ಲ. ಆಹಾರಕ್ಕೆ ನೇರ ತಾಗುವ ಪ್ಯಾಕಿಂಗ್ ಸಾಮಾನಿಗೆ ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರ ಪಡೆದಿರಬೇಕು ಎಂದು 2018ರ ನಿಯಮಗಳು ಆಹಾರ ಮಾರುವವರಿಗೇ, ಅಂದರೆ ನಮಗೇ, ಹೇಳುತ್ತವೆ. ನಾಳೆ ತಪಾಸಣೆಗೆ ಬಂದವರು ಕೇಳುವುದು ನಮ್ಮನ್ನೇ. ಆದ್ದರಿಂದ ನಗರದ ಅಂಗಡಿಯಲ್ಲಿ ಚೀಲ ಕೊಳ್ಳುವಾಗ ಬಿಲ್ಲಿನ ಜೊತೆ ಆ ಪ್ರಮಾಣಪತ್ರದ ಝೆರಾಕ್ಸ್ ಕೇಳಿರಿ. "ಕೊಡೂದಿಲ್ಲ" ಅಂದರೆ ಬೇರೆ ಅಂಗಡಿ ನೋಡಿರಿ. ಒಂದು ಸಂಘ ಕೇಳಿದರೆ ನಕ್ಕು ಕಳಿಸಬಹುದು, ಹತ್ತು ಸಂಘ ಕೂಡಿ ವರ್ಷದ ಚೀಲ ಒಟ್ಟಿಗೆ ಕೊಂಡರೆ ಕೊಡುತ್ತಾರೆ. ಪತ್ರ ಕೈಗೆ ಬಂದಾಗ ಮೂರು ಕಡೆ ಕಣ್ಣು ಹಾಯಿಸಿರಿ: ನಾವು ಕೊಂಡ ಚೀಲದ ಹೆಸರೇ ಇದೆಯೇ, ಯಾವ ದ್ರವದಲ್ಲಿ ಪರೀಕ್ಷೆ ಆಗಿದೆ, ಡಿ.ಇ.ಎಚ್.ಪಿ. ಎಂದು ಪ್ರತ್ಯೇಕ ಸಾಲು ಇದೆಯೇ. ಬರೀ ನೀರಿನಲ್ಲಿ ಪಾಸಾದ ಚೀಲದ ಪತ್ರ ಉಪ್ಪಿನಕಾಯಿಗೆ ಉಪಯೋಗವಿಲ್ಲ.

ಆಹಾರದ ಪರೀಕ್ಷೆ ಇದಕ್ಕಿಂತ ಕಷ್ಟದ್ದು, ಅಗ್ಗದ್ದೂ ಅಲ್ಲ. ಆಹಾರವನ್ನು ಅರೆದು, ದ್ರಾವಕದಲ್ಲಿ ಕಲಸಿ, ಸಾರ ತೆಗೆದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಹಾಕುತ್ತಾರೆ. ಒಂದೊಂದು ರಾಸಾಯನಿಕವೂ ಒಂದೊಂದು ಹೊತ್ತಿಗೆ ಹೊರಬಂದು ಕಾಗದದ ಮೇಲೆ ಗುಡ್ಡದಂಥ ಗೆರೆ ಮೂಡಿಸುತ್ತದೆ. 2011ರಲ್ಲಿ ತೈವಾನ್ ದೇಶದ ಸರಕಾರಿ ಪ್ರಯೋಗಾಲಯದ ಒಬ್ಬ ಹೆಣ್ಣುಮಗಳು ಒಂದು ಆರೋಗ್ಯದ ಪುಡಿಯಲ್ಲಿ ಬೇರೇನೋ ಔಷಧಿ ಹುಡುಕುತ್ತಿದ್ದಾಗ ಇರಬಾರದ ಒಂದು ಗೆರೆ ಕಂಡರು. ತನ್ನ ಕೆಲಸ ಅದಲ್ಲ ಎಂದು ಬಿಡಲಿಲ್ಲ. ಬೆನ್ನು ಹತ್ತಿದರೆ ಅದು ಡಿ.ಇ.ಎಚ್.ಪಿ.! ಪಾನೀಯ ಮಂದವಾಗಿ ಕಾಣಲು ತಾಳೆ ಎಣ್ಣೆಯಿಂದ ಮಾಡಬೇಕಾದ ಮಿಶ್ರಣಕ್ಕೆ ಕಂಪನಿಯವರು ಅಗ್ಗವೆಂದು ಇದನ್ನೇ ಸುರಿದಿದ್ದರು. ದೇಶದ ತುಂಬ ಜ್ಯೂಸು, ಪಾನೀಯಗಳನ್ನು ಅಂಗಡಿಯಿಂದ ವಾಪಸು ತೆಗೆಸಬೇಕಾಯಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಯಾವುದನ್ನು ಹುಡುಕು ಎಂದು ಬರೆದುಕೊಟ್ಟಿದ್ದೇವೋ ಅದನ್ನೇ ಹುಡುಕುತ್ತಾರೆ. ಆ ಹೆಣ್ಣುಮಗಳಂಥವರು ಎಲ್ಲ ಕಡೆ ಸಿಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ "ಥ್ಯಾಲೇಟ್ ಪರೀಕ್ಷೆ, ಡಿ.ಇ.ಎಚ್.ಪಿ. ಸಹಿತ" ಎಂದು ಸ್ಪಷ್ಟವಾಗಿ ಬರೆಯಿರಿ.

ಮಾದರಿ ಕಳಿಸುವಾಗ ಜಾಗ್ರತೆ ಬೇಕು. ಪ್ಲಾಸ್ಟಿಕ್ ಚಮಚದಿಂದ ತೆಗೆದು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಕಳಿಸಿದರೆ ಆ ಚೀಲದ್ದೇ ವರದಿ ಬಂದೀತು. ಒಂದೇ ದಿನ ಮಾಡಿದ, ಒಡೆಯದ ಎರಡು ಮೂರು ಪಾಕೀಟುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿರಿ. ಬಿಡಿ ಪದಾರ್ಥವಾದರೆ ತೊಳೆದು ಒಣಗಿಸಿದ ಗಾಜಿನ ಬಾಟ್ಲಿಗೆ ಸ್ಟೀಲ್ ಚಮಚದಿಂದ ತುಂಬಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಹಾಕಿ ಆಮೇಲೆ ಮುಚ್ಚಳ ಹಾಕಿರಿ. ತುಂಬದ ಖಾಲಿ ಚೀಲ ಒಂದೆರಡು ಜೊತೆಗೆ ಇಡಿರಿ. ಥ್ಯಾಲೇಟ್ ಪ್ರಯೋಗಾಲಯದ ಸಾಮಾನಿನಲ್ಲೂ ಇರುತ್ತದೆ, ಅದಕ್ಕೆ ಅವರು ಏನೂ ಹಾಕದ ಖಾಲಿ ಪರೀಕ್ಷೆ ಒಂದನ್ನು ಮಾಡಿ ಹೋಲಿಸುತ್ತಾರೆ. ಮಾಡಿದ್ದೀರಾ ಎಂದು ಕೇಳಲು ನಾಚಬೇಡಿರಿ. ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಸೊನ್ನೆ ಎಂದು ಅರ್ಥವಲ್ಲ, ಆ ಯಂತ್ರ ಅಳೆಯಬಲ್ಲದ್ದಕ್ಕಿಂತ ಕಡಿಮೆ ಎಂದು ಅರ್ಥ. ಆ ಅಳತೆ ಎಷ್ಟೆಂಬುದೂ ಬರೆದಿರಬೇಕು.

ಬಂದ ಅಂಕಿಯನ್ನು ಹೇಗೆ ತೂಗುವುದು? 2019ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ನಾಲ್ಕು ಥ್ಯಾಲೇಟ್ ಸೇರಿ, ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 50 ಮೈಕ್ರೊಗ್ರಾಂ ಎಂದು ಮಿತಿ ಹೇಳಿದೆ. 50 ಕಿಲೋ ತೂಕದ ತಾಯಿಗೆ ಇದು ದಿನಕ್ಕೆ 2.5 ಮಿಲಿಗ್ರಾಂ, 10 ಕಿಲೋ ತೂಕದ ಕೂಸಿಗೆ ಅರ್ಧ ಮಿಲಿಗ್ರಾಂ ಮಾತ್ರ. ಕಿಲೋಗೆ 1.5 ಮಿಲಿಗ್ರಾಂ ಇರುವ ಆಹಾರವನ್ನು ಕೂಸು ದಿನಕ್ಕೆ ಮೂರನೆಯ ಒಂದು ಕಿಲೋ ತಿಂದರೆ ಅದರ ಪಾಲು ಮುಗಿಯಿತು. ಹಿಂಡಿಯನ್ನು ಯಾವ ಕೂಸೂ ಅಷ್ಟು ತಿನ್ನುವುದಿಲ್ಲ, ನಿಜ. ಆದರೆ ಎಣ್ಣೆ, ಬಿಸ್ಕತ್ತು, ಕುರುಕುಲು ಎಲ್ಲದರಿಂದ ಸ್ವಲ್ಪ ಸ್ವಲ್ಪ ಕೂಡುತ್ತದೆ.

ಬೇರೆಯವರು ಮಾರುವ ಪದಾರ್ಥದ ಮೇಲೆ ಅನುಮಾನ ಬಂದರೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಂ ಪ್ರಕಾರ ಗಿರಾಕಿಯೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇವೆ" ಎಂದು ಅಂಗಡಿಯವರಿಗೆ ಹೇಳಿರಬೇಕು. ದೋಷ ಸಿಕ್ಕರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ನಮ್ಮ ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಯ ಕಚೇರಿಗೆ ಮೊದಲು ಹೋಗಿ, ಥ್ಯಾಲೇಟ್ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿ ಆಗುತ್ತದೆ, ಶುಲ್ಕ ಎಷ್ಟು ಎಂದು ಬರೆದುಕೊಂಡು ಬನ್ನಿರಿ. ಪ್ಯಾಕಿಂಗ್ ವಿಷಯದ ಸಲಹೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದೆ. 1950ರಿಂದ ನಡೆದುಬಂದ ಕೇಂದ್ರ ಸರಕಾರದ ಆಹಾರ ಸಂಶೋಧನಾಲಯ ಅದು.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ತಾವು ಬಳಸುವ ಚೀಲದ ತುಂಡು, ಬಾಟ್ಲಿಯ ಮುಚ್ಚಳ, ಎಣ್ಣೆ ಇಳಿಸುವ ಪೈಪಿನ ಚೂರು ತರಬೇಕು. ಒಂದು ಬೋಗುಣಿ ನೀರು, ಸೋಪು ಸಾಕು. ಯಾವುದು ತೇಲಿತು, ಯಾವುದು ಮುಳುಗಿತು ಎಂದು ಠರಾವು ಪುಸ್ತಕದಲ್ಲಿ ಬರೆಯಿರಿ. ಚೀಲ ಕೊಟ್ಟ ಅಂಗಡಿಗೆ ಪ್ರಮಾಣಪತ್ರ ಕೇಳಲು ಹೋಗುವ ಇಬ್ಬರನ್ನು ಅಂದೇ ಆರಿಸಿರಿ.